ಸ್ವರ ಎಲ್ಲಿ ನಿಲ್ಲುತ್ತದೆ? ಕಂಟ್ರಿ ರಾಕ್ ಮತ್ತು ಸದರ್ನ್ ರಾಕ್ ನಡುವಿನ ವ್ಯತ್ಯಾಸ

ಎರಡೂ ಅಮೆರಿಕದ ಸಂಗೀತ ಪ್ರಕಾರಗಳು, ಎರಡೂ 1960ರ ದಶಕದ ಕೊನೆಗೆ ಹುಟ್ಟಿ 70ರ ದಶಕದಲ್ಲಿ ಮೆರೆದವು, ಎರಡಕ್ಕೂ ಗಿಟಾರೇ ಜೀವ. ಹಾಗಾಗಿ ಪ್ಲೇಲಿಸ್ಟ್‌ಗಳಲ್ಲಿ ಕಂಟ್ರಿ ರಾಕ್‌ನ ಈಗಲ್ಸ್ ತಂಡದ ಪಕ್ಕದಲ್ಲೇ ಸದರ್ನ್ ರಾಕ್‌ನ ಲೆನರ್ಡ್ ಸ್ಕಿನರ್ಡ್ ತಂಡ ಬಂದು ಕೂರುತ್ತದೆ. ಗಡ್ಡ, ಟೋಪಿ, ಹಾಡಿನಲ್ಲಿ ಬರುವ ಹೆದ್ದಾರಿ ಇವನ್ನೆಲ್ಲ ನೋಡಿಕೊಂಡು ಇವೆರಡನ್ನು ಬೇರ್ಪಡಿಸಲು ಹೊರಟರೆ ಕೆಲಸ ಕೆಡುತ್ತದೆ. ಸುಳಿವು ಇರುವುದು ತಂತಿಯಲ್ಲಿ. ಗಿಟಾರಿನ ಸ್ವರ ಮೇಲಕ್ಕೆ ಜಾರಿದಾಗ ಅದು ಎಲ್ಲಿ ಹೋಗಿ ನಿಲ್ಲುತ್ತದೆ, ನಿಲ್ಲಿಸಿದ್ದು ಯಂತ್ರವೋ ಬೆರಳೋ ಎಂದು ಗಮನಿಸಿದರೆ ಅರ್ಧ ಗೊಂದಲ ಅಲ್ಲೇ ಪರಿಹಾರವಾಗುತ್ತದೆ.

ಮೊದಲು ಊರಿನ ವಿಚಾರ ಮುಗಿಸಿಬಿಡೋಣ. ಹೆಸರಿನಲ್ಲಿ ಹಳ್ಳಿ ಇದ್ದರೂ ಕಂಟ್ರಿ ರಾಕ್ ಬೆಳೆದದ್ದು ಲಾಸ್ ಏಂಜಲೀಸ್ ಎಂಬ ಮಹಾನಗರದಲ್ಲಿ. ಬರ್ಡ್ಸ್ ತಂಡ 1968ರಲ್ಲಿ ಗ್ರಾಮ್ ಪಾರ್ಸನ್ಸ್‌ನನ್ನು ಸೇರಿಸಿಕೊಂಡು, ಕಂಟ್ರಿ ಸಂಗೀತದ ತವರಾದ ನ್ಯಾಶ್‌ವಿಲ್‌ಗೆ ಹೋಗಿ ಧ್ವನಿಮುದ್ರಿಸಿತು. ಮರುವರ್ಷ ಅದೇ ಪಾರ್ಸನ್ಸ್ ಫ್ಲೈಯಿಂಗ್ ಬರಿಟೋ ಬ್ರದರ್ಸ್ ತಂಡದ ಮೊದಲ ಆಲ್ಬಮ್ ತಂದ. 1971ರಲ್ಲಿ ಈಗಲ್ಸ್ ಹುಟ್ಟಿತು. ಸದರ್ನ್ ರಾಕ್ ಮಾತ್ರ ಹೆಸರಿಗೆ ತಕ್ಕಂತೆ ದಕ್ಷಿಣದ್ದೇ. ಆಲ್‌ಮನ್ ಬ್ರದರ್ಸ್ 1969ರಲ್ಲಿ ಫ್ಲೋರಿಡಾದ ಜಾಕ್ಸನ್‌ವಿಲ್‌ನಲ್ಲಿ ಸೇರಿ, ಜಾರ್ಜಿಯಾದ ಮೇಕನ್‌ಗೆ ಹೋಗಿ ನೆಲೆಸಿದರು. ಮೇಕನ್ ಎಂದರೆ ಲಿಟಲ್ ರಿಚರ್ಡ್ ಹುಟ್ಟಿದ, ಓಟಿಸ್ ರೆಡಿಂಗ್ ಬೆಳೆದ ಊರು. ಆ ಊರಿನ ನೀರಿನಲ್ಲಿ ಕಂಟ್ರಿಗಿಂತ ಕಪ್ಪು ಅಮೆರಿಕನ್ನರ ಬ್ಲೂಸ್ ಮತ್ತು ಸೋಲ್ ಸಂಗೀತ ಹೆಚ್ಚು ಬೆರೆತಿತ್ತು.

ಈಗ ತಂತಿಗೆ ಬರೋಣ. ತಂತಿಯ ಸ್ವರ ಏರಿಸಲು ಎರಡೇ ದಾರಿ: ಇನ್ನಷ್ಟು ಬಿಗಿ ಮಾಡಬೇಕು, ಇಲ್ಲವೇ ಉದ್ದ ಕಡಿಮೆ ಮಾಡಬೇಕು. ಕಂಪನದ ವೇಗ ಬಿಗಿತದ ವರ್ಗಮೂಲಕ್ಕೆ ತಕ್ಕಂತೆ ಏರುವುದರಿಂದ, ಸ್ವರವನ್ನು ಅರ್ಧ ಮೆಟ್ಟಿಲು (ಗಿಟಾರಿನಲ್ಲಿ ಒಂದು ಫ್ರೆಟ್, ಅಂದರೆ ಒಂದು ಮನೆಯಷ್ಟು) ಏರಿಸಲು ಬಿಗಿತ ಸುಮಾರು 12%, ಪೂರ್ಣ ಮೆಟ್ಟಿಲಿಗೆ 26% ಹೆಚ್ಚಬೇಕು. ಕಂಟ್ರಿ ರಾಕ್‌ನ ಗುರುತಾದ ಪೆಡಲ್ ಸ್ಟೀಲ್ ಗಿಟಾರ್ ಮಾಡುವುದು ಇದನ್ನೇ, ಆದರೆ ಕಾಲಿನಿಂದ.

ಇದು ಮಡಿಲಲ್ಲಿ ಇಟ್ಟುಕೊಳ್ಳುವ ಗಿಟಾರಲ್ಲ, ನಾಲ್ಕು ಕಾಲಿನ ಮೇಜಿನಂಥ ವಾದ್ಯ. ಹೆಚ್ಚು ಬಳಕೆಯಲ್ಲಿರುವ ಇ9 ಶ್ರುತಿಯಲ್ಲಿ ಹತ್ತು ತಂತಿ. ಎಡಗೈಯಲ್ಲಿ ಉಕ್ಕಿನ ದುಂಡು ಸಲಾಕೆ, ಬಲಗೈ ಬೆರಳುಗಳಿಗೆ ಮೀಟು, ಕೆಳಗೆ ಪೆಡಲ್‌ಗಳು. ಸಲಾಕೆಯನ್ನು ಮೂರನೇ ಫ್ರೆಟ್‌ನ ಗೆರೆಯ ಮೇಲಿಟ್ಟು 4, 5, 6ನೇ ತಂತಿ ಮೀಟಿದರೆ ಜಿ ಮೇಜರ್ ಸ್ವರಮೇಳ ಬರುತ್ತದೆ. ಕೈ ಅಲುಗಿಸದೆ ಎಡಗಾಲಿನಿಂದ ಎ ಮತ್ತು ಬಿ ಪೆಡಲ್ ಎರಡನ್ನೂ ಒಟ್ಟಿಗೆ ಒತ್ತಿ. ಐದನೇ ತಂತಿ ಪೂರ್ಣ ಮೆಟ್ಟಿಲು, ಆರನೆಯದು ಅರ್ಧ ಮೆಟ್ಟಿಲು ಏರುತ್ತದೆ, ನಾಲ್ಕನೆಯದು ಇದ್ದಲ್ಲೇ ಇರುತ್ತದೆ. ಜಿ ಕರಗಿ ಸಿ ಮೇಜರ್ ಆಗುತ್ತದೆ. ಒಂದು ಸ್ವರ ಸ್ಥಿರವಾಗಿ ನಿಂತಿರುವಾಗ ಉಳಿದೆರಡು ಬೇರೆ ಬೇರೆ ದೂರ ಜಾರಿ, ಒಟ್ಟಿಗೆ ಗುರಿ ಮುಟ್ಟುವುದೇ ಆ ಅಳುವಂಥ ದನಿಯ ಗುಟ್ಟು. ಗೋಟುವಾದ್ಯ ಕೇಳಿದವರಿಗೆ ಜಾರುವಿಕೆ ಹೊಸದಲ್ಲ. ಆದರೆ ಅಲ್ಲಿ ಕೊರಡು ಜಾರಿದರೆ ಅದರಡಿಯ ತಂತಿಗಳೆಲ್ಲ ಒಟ್ಟಿಗೆ ಜಾರುತ್ತವೆ, ಇಲ್ಲಿ ಬೇಕಾದದ್ದು ಮಾತ್ರ.

ಪೆಡಲ್ ಎಲ್ಲಿಯವರೆಗೆ ಒತ್ತಬೇಕೆಂಬುದನ್ನು ಒಂದು ತಿರುಪು ಮೊದಲೇ ನಿಗದಿ ಮಾಡಿರುತ್ತದೆ. ವಾದಕನಿಗೆ ವೇಗದ ಸ್ವಾತಂತ್ರ್ಯವಿದೆ, ತಂಗುದಾಣದ ಸ್ವಾತಂತ್ರ್ಯವಿಲ್ಲ. ಕೆಡುವುದೂ ಇಲ್ಲೇ. ಪೆಡಲ್ ಒತ್ತಿದಾಗ ಒಟ್ಟು ಬಿಗಿತ ಹೆಚ್ಚಿ ವಾದ್ಯದ ಪೆಟ್ಟಿಗೆಯೇ ಕೂದಲೆಳೆಯಷ್ಟು ಬಾಗುತ್ತದೆ, ಮುಟ್ಟದ ತಂತಿಗಳ ಶ್ರುತಿ ಕೆಲವು ಸೆಂಟ್ ಕೆಳಗಿಳಿಯುತ್ತದೆ (ಅರ್ಧ ಮೆಟ್ಟಿಲಿಗೆ 100 ಸೆಂಟ್). ಮೂರನೇ ತಂತಿಯಂತೂ ಮೊದಲೇ ತಾಳಿಕೆಯ ಅಂಚಿನಲ್ಲಿರುವುದರಿಂದ, ಪದೇ ಪದೇ ಎಳೆಸಿಕೊಂಡು ಎಲ್ಲಕ್ಕಿಂತ ಮೊದಲು ತುಂಡಾಗುತ್ತದೆ. ದನಿ ದೀರ್ಘವಾಗಿ ನಿಲ್ಲುವುದಕ್ಕೆ ಬಲಗಾಲಿನ ಕೆಳಗೆ ವಾಲ್ಯೂಮ್ ಪೆಡಲ್ ಇದೆ. ಅರ್ಧಕ್ಕಿಟ್ಟು ಮೀಟಿ, ತಂತಿಯ ಸದ್ದು ಸೋಲುತ್ತ ಬಂದಂತೆ ಪೆಡಲ್ ತೆರೆಯುತ್ತ ಹೋಗಬೇಕು. ಹೊಸಬರು ಪೂರ್ತಿ ತೆರೆದೇ ಮೀಟುತ್ತಾರೆ, ಆಮೇಲೆ ಏರಿಸಲು ಏನೂ ಉಳಿದಿರುವುದಿಲ್ಲ.

ಇದೇ ಗುಣವನ್ನು ಟೆಲಿಕಾಸ್ಟರ್ ಎಂಬ ಮಾಮೂಲಿ ಎಲೆಕ್ಟ್ರಿಕ್ ಗಿಟಾರಿಗೆ ತರಲು ಕ್ಲಾರೆನ್ಸ್ ವೈಟ್ ಮತ್ತು ಜೀನ್ ಪಾರ್ಸನ್ಸ್ (ಇವನು ಬೇರೆ ಪಾರ್ಸನ್ಸ್) 'ಬಿ-ಬೆಂಡರ್' ಕಟ್ಟಿದರು. ಹೆಗಲ ಪಟ್ಟಿಯ ಗುಂಡಿಗೆ ಒಳಗಿನಿಂದ ಒಂದು ಸನ್ನೆಕೋಲು ಜೋಡಿಸಿದೆ. ಗಿಟಾರಿನ ಕತ್ತನ್ನು ಕೆಳಕ್ಕೆ ಅದುಮಿದರೆ ಬಿ ತಂತಿ ಮಾತ್ರ ಪೂರ್ಣ ಮೆಟ್ಟಿಲು ಏರಿ ನಿಲ್ಲುತ್ತದೆ. ಇಲ್ಲೂ ಅದೇ ಕಥೆ: ಎಷ್ಟು ಏರಬೇಕೆಂದು ಲೋಹ ತೀರ್ಮಾನಿಸುತ್ತದೆ.

ಸದರ್ನ್ ರಾಕ್‌ನಲ್ಲಿ ತೀರ್ಮಾನ ಕಿವಿಯದು. ಡುವೇನ್ ಆಲ್‌ಮನ್ ಉಂಗುರಬೆರಳಿಗೆ ಕೋರಿಸಿಡಿನ್ ಎಂಬ ನೆಗಡಿ ಮಾತ್ರೆಯ ಖಾಲಿ ಗಾಜಿನ ಶೀಶೆ ತೊಡಿಸಿಕೊಂಡು, ತಂತಿಗಳನ್ನು ಓಪನ್ ಇ ಶ್ರುತಿಗೆ (ಬೆರಳಿಡದೆ ಮೀಟಿದರೂ ಇ ಮೇಜರ್ ಸ್ವರಮೇಳ ಬರುವಂತೆ) ತಂದು ನುಡಿಸುತ್ತಿದ್ದ. ಮಾಮೂಲಿ ಶ್ರುತಿಯಿಂದ ಇಲ್ಲಿಗೆ ಬರಲು 5 ಮತ್ತು 4ನೇ ತಂತಿಗಳನ್ನು ಪೂರ್ಣ ಮೆಟ್ಟಿಲು, 3ನೆಯದನ್ನು ಅರ್ಧ ಮೆಟ್ಟಿಲು ಏರಿಸಬೇಕು. ಹಳೆಯ ತಂತಿಯಾದರೆ ಆ 26% ಹೆಚ್ಚುವರಿ ಬಿಗಿತಕ್ಕೇ ತುಂಡಾದೀತು. ಅಂಥ ಭಯವಿದ್ದರೆ ಓಪನ್ ಡಿಗೆ ಇಳಿಸಿ ಎರಡನೇ ಫ್ರೆಟ್‌ಗೆ ಕೇಪೋ (ತಂತಿಗಳನ್ನೆಲ್ಲ ಒಟ್ಟಿಗೆ ಅದುಮುವ ಕ್ಲಿಪ್ಪು) ಹಾಕಿದರಾಯಿತು, ಬರುವ ಸ್ವರಗಳು ಅವೇ. ಶೀಶೆಯನ್ನು ಫ್ರೆಟ್‌ನ ಕಂಬಿಯ ನೇರ ಮೇಲೆ ಹಿಡಿಯಬೇಕು. ಬೆರಳಿನ ಅಭ್ಯಾಸದಂತೆ ಎರಡು ಕಂಬಿಗಳ ನಡುವೆ ಹಿಡಿದರೆ ಸ್ವರ ತಗ್ಗುತ್ತದೆ. 12ನೇ ಫ್ರೆಟ್ ಹತ್ತಿರ ಒಂದು ಮಿಲಿಮೀಟರ್ ತಪ್ಪಿದರೆ 5-6 ಸೆಂಟ್ ಅಪಸ್ವರ. ಶೀಶೆಯ ಹಿಂದಿನ ಬೆರಳನ್ನು ತಂತಿಗಳ ಮೇಲೆ ಹಗುರಾಗಿ ಒರಗಿಸದಿದ್ದರೆ ಹಿಂಭಾಗದ ತುಂಡು ತಂತಿಯೂ ಗುಂಯ್‌ಗುಟ್ಟಿ ರಾಡಿಯಾಗುತ್ತದೆ. ಆಲ್‌ಮನ್ ಬ್ರದರ್ಸ್ ತಂಡಕ್ಕೆ 1999ರಲ್ಲಿ ಬಂದ ಡೆರೆಕ್ ಟ್ರಕ್ಸ್‌ನ ಸ್ಲೈಡ್‌ನಲ್ಲಿ (ಹೀಗೆ ಜಾರಿಸಿ ನುಡಿಸುವುದಕ್ಕೆ ಅದೇ ಹೆಸರು) ಅಲಿ ಅಕ್ಬರ್ ಖಾನರ ಸರೋದಿನ ನೆರಳು ಕಾಣುವುದು ಆಕಸ್ಮಿಕವಲ್ಲ, ಆತ ಅದನ್ನು ಕಿವಿಗೊಟ್ಟು ಕಲಿತವನು.

ತಡೆಯುವ ತಿರುಪು ಇಲ್ಲದ್ದರಿಂದ ಬ್ಲೂಸ್‌ನ ಗಾಂಧಾರ ಇಲ್ಲಿ ಸಾಧಾರಣ ಗಾಂಧಾರಕ್ಕೂ (ತಗ್ಗಿನದು) ಅಂತರ ಗಾಂಧಾರಕ್ಕೂ (ಮೇಲಿನದು) ನಡುವೆ ತೂಗಾಡಬಹುದು. ಸ್ಥೂಲವಾಗಿ ಹೇಳುವುದಾದರೆ, ಕಂಟ್ರಿ ರಾಕ್‌ನ ಸೋಲೋ ಮೋಹನದ ಸ್ವರಗಳ ಕಡೆ ವಾಲುತ್ತದೆ (ಸ ರಿ ಗ ಪ ದ), ಸದರ್ನ್ ರಾಕ್‌ನದು ಶುದ್ಧ ಧನ್ಯಾಸಿಯ ಕಡೆ (ಸ ಗ ಮ ಪ ನಿ). ಮೋಹನದ ಧೈವತವನ್ನು ಷಡ್ಜ ಮಾಡಿಕೊಂಡರೆ ಶುದ್ಧ ಧನ್ಯಾಸಿಯೇ ಸಿಗುತ್ತದೆ ಎಂಬುದು ಗ್ರಹಭೇದ ಬಲ್ಲವರಿಗೆ ಗೊತ್ತು. ಗಿಟಾರಿನಲ್ಲಿ ಅದೇ ಬೆರಳ ನಕ್ಷೆ ಮೂರು ಫ್ರೆಟ್ ಆಚೀಚೆ ಸರಿದರೆ ಸಾಕು, ಒಂದು ಪ್ರಕಾರದ ಮನೆಯಿಂದ ಇನ್ನೊಂದರ ಮನೆಗೆ ಹೋದಂತೆ.

ಇನ್ನೊಂದು ದೊಡ್ಡ ವ್ಯತ್ಯಾಸ ಆಂಪ್‌ನಲ್ಲಿದೆ, ಅಂದರೆ ಗಿಟಾರಿನ ದನಿ ಹಿಗ್ಗಿಸುವ ಆಂಪ್ಲಿಫೈಯರ್‌ನಲ್ಲಿ. ಕಂಟ್ರಿ ರಾಕ್‌ನವರು ಸಾಮಾನ್ಯವಾಗಿ ದನಿಯನ್ನು ತಿಳಿಯಾಗಿ ಇಡುತ್ತಾರೆ. ಸದರ್ನ್ ರಾಕ್‌ನವರು ಲೆಸ್ ಪಾಲ್‌ನಂಥ ಗಿಟಾರಿನ ಜೋಡಿ-ಸುರುಳಿ ಪಿಕಪ್‌ನಿಂದ (ತಂತಿಯ ಕಂಪನವನ್ನು ವಿದ್ಯುತ್ತಾಗಿಸುವ ಭಾಗ) ವಾಲ್ವ್ ಆಂಪ್ ಅನ್ನು ಮಿತಿ ಮೀರಿ ದುಡಿಸುತ್ತಾರೆ. ಅಲೆಯ ನೆತ್ತಿ ಮೊಟಕಾಗಿ ದನಿ ಒರಟಾಗುತ್ತದೆ. ಜೋರಾದದ್ದು ಕತ್ತರಿಸಿಹೋಗಿ ಮೆಲ್ಲನೆಯದೂ ಅದರ ಸಮಕ್ಕೆ ಕೇಳುವುದರಿಂದ ಸ್ವರ ಬೇಗ ಸಾಯುವುದೂ ಇಲ್ಲ. ಆದರೆ ಇದಕ್ಕೊಂದು ದಂಡ ತೆರಬೇಕು. ಒಂದೇ ಒರಟು ಆಂಪ್‌ಗೆ ಎರಡು ಸ್ವರ ಹೊಕ್ಕರೆ ಅವುಗಳ ಮೊತ್ತದ, ವ್ಯತ್ಯಾಸದ ಸ್ವರಗಳೂ ಹುಟ್ಟುತ್ತವೆ. 440 ಹರ್ಟ್ಸ್‌ನ ಎ ಜೊತೆ ಗಿಟಾರಿನ ಸಿ ಶಾರ್ಪ್ 554.4 ಹರ್ಟ್ಸ್ ಸೇರಿದರೆ ವ್ಯತ್ಯಾಸ 114.4. ಇದು 110ರ ಎ ಅಲ್ಲ, ಅದಕ್ಕಿಂತ 68 ಸೆಂಟ್ ಮೇಲೆ ಕೂತ ಅಪಸ್ವರ. ಪಂಚಮವಾದರೆ 659.3ರಿಂದ 440 ಕಳೆದು 219.3, ಅಂದರೆ 220ರ ಎಗೆ ಬಹುತೇಕ ಸಮ. ಒರಟು ದನಿಯಲ್ಲಿ ಷಡ್ಜ-ಪಂಚಮ ಗಟ್ಟಿಯಾಗಿಯೂ ಷಡ್ಜ-ಗಾಂಧಾರ ಕೆಸರಾಗಿಯೂ ಕೇಳುವುದು ಇದಕ್ಕೇ.

ಹಾಗಾದರೆ ಒರಟು ದನಿಯಲ್ಲಿ ಗಾಂಧಾರದ ಜೋಡಿ ಬೇಕೆಂದರೆ? ಇಬ್ಬರು ವಾದಕರು, ಎರಡು ಆಂಪ್, ಒಂದೊಂದರಲ್ಲಿ ಒಂದೇ ಸ್ವರ. ಪ್ರತಿ ಆಂಪ್ ಒಳಗೆ ಬೆರಕೆ ಹುಟ್ಟುವುದಿಲ್ಲ, ಎರಡೂ ಗಾಳಿಯಲ್ಲಿ ಮಾತ್ರ ಸೇರುತ್ತವೆ. ಡುವೇನ್ ಆಲ್‌ಮನ್ ಮತ್ತು ಅದೇ ತಂಡದ ಡಿಕಿ ಬೆಟ್ಸ್ ಅವರ ಜೋಡಿ ಗಿಟಾರು ಸದರ್ನ್ ರಾಕ್‌ನ ಮುದ್ರೆಯಾದದ್ದರ ಹಿಂದೆ ಈ ಭೌತವಿಜ್ಞಾನವೂ ಇದೆ. ಲೆನರ್ಡ್ ಸ್ಕಿನರ್ಡ್ ಮೂರು ಗಿಟಾರು ಇಟ್ಟುಕೊಂಡರು. ಕಂಟ್ರಿ ರಾಕ್‌ನವರು ಅದೇ ಮೂರು ಪದರದ ಕೆಲಸವನ್ನು ಕಂಠಕ್ಕೆ ಒಪ್ಪಿಸಿದರು. ಅಲ್ಲಿ ಮೂವರು ಒಟ್ಟಿಗೆ ಹಾಡಿದರೆ ಇಲ್ಲಿ ಗ್ರೆಗ್ ಆಲ್‌ಮನ್ ಥರದ ಒಬ್ಬನೇ ಗಂಟಲು ಕೆರೆದುಕೊಂಡು ಹಾಡುತ್ತಾನೆ.

ಲಯದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಕಂಟ್ರಿ ರಾಕ್‌ನಲ್ಲಿ ಬೇಸ್ ಗಿಟಾರು ಬಹಳ ಸಲ ಒಂದನೇ ಪೆಟ್ಟಿಗೆ ಷಡ್ಜ, ಮೂರನೆಯದಕ್ಕೆ ಪಂಚಮ ಎಂದು ನಡೆಯುತ್ತದೆ. ಸದರ್ನ್ ರಾಕ್‌ಗೆ ಶಫಲ್ ಇಷ್ಟ, ಅಂದರೆ ತಿಶ್ರ ನಡೆಯ 'ತಕಿಟ'ದಲ್ಲಿ ನಡುವಿನ 'ಕಿ' ನುಂಗಿದಂತೆ. ಆಲ್‌ಮನ್ ತಂಡದಲ್ಲಿ ಡ್ರಮ್‌ಗೇ ಇಬ್ಬರು. ಅವರ 'ವಿಪಿಂಗ್ ಪೋಸ್ಟ್' 3+3+3+2 ಎಂದು ಹನ್ನೊಂದು ಪೆಟ್ಟಿನ ಆವರ್ತದಲ್ಲಿ ತೆರೆದುಕೊಳ್ಳುತ್ತದೆ. 1971ರ ಮಾರ್ಚ್‌ನಲ್ಲಿ ನ್ಯೂಯಾರ್ಕ್‌ನ ಫಿಲ್‌ಮೋರ್ ಈಸ್ಟ್‌ನಲ್ಲಿ ಮುದ್ರಿಸಿದ ಅದರ ಕಚೇರಿ ಆವೃತ್ತಿ ಸುಮಾರು 23 ನಿಮಿಷ. ಅಷ್ಟು ಹೊತ್ತಿನಲ್ಲಿ ಕಂಟ್ರಿ ರಾಕ್‌ನವರು ಆಲ್ಬಮ್‌ನ ಒಂದು ಬದಿಯನ್ನೇ ಮುಗಿಸಿರುತ್ತಾರೆ.

ಬೇಲಿ ಹಾರಿದವರು ಎರಡೂ ಕಡೆ ಇದ್ದಾರೆ. ಬರಿಟೋ ತಂಡದ ಸ್ನೀಕಿ ಪೀಟ್ ಕ್ಲೈನೋ (ಗೊಂಬೆ ಅನಿಮೇಷನ್ ಈತನ ಇನ್ನೊಂದು ಕಸುಬು) ಪೆಡಲ್ ಸ್ಟೀಲ್‌ಗೇ ಫಜ್ ಪೆಟ್ಟಿಗೆ ಸಿಕ್ಕಿಸಿ ಒರಟು ಮಾಡಿದ. ದಕ್ಷಿಣ ಕೆರೊಲಿನಾದ ಮಾರ್ಷಲ್ ಟಕರ್ ಬ್ಯಾಂಡ್‌ನಲ್ಲಿ ಸ್ಟೀಲ್ ಗಿಟಾರೂ ಉಂಟು, ಕೊಳಲೂ ಉಂಟು. ಆಲ್‌ಮನ್ ಬ್ರದರ್ಸ್‌ಗೆ 1973ರಲ್ಲಿ ಅಮೆರಿಕದ ಪಟ್ಟಿಯಲ್ಲಿ ಎರಡನೇ ಸ್ಥಾನ ತಂದುಕೊಟ್ಟ 'ರ‍್ಯಾಂಬ್ಲಿನ್ ಮ್ಯಾನ್' ಡಿಕಿ ಬೆಟ್ಸ್‌ನದು. ಅದರ ಗಿಟಾರು ಬಹುಪಾಲು ಮೋಹನದ ಮನೆಯಲ್ಲೇ ಓಡಾಡುತ್ತದೆ. ಇತ್ತ 1976ರಲ್ಲಿ ಈಗಲ್ಸ್‌ನ 'ಹೋಟೆಲ್ ಕ್ಯಾಲಿಫೋರ್ನಿಯಾ' ಬಂದಾಗ ಅದರ ಕೊನೆಯಲ್ಲಿ ಪೆಡಲ್ ಸ್ಟೀಲ್‌ನ ಸುಳಿವಿಲ್ಲ. ಡಾನ್ ಫೆಲ್ಡರ್ ಮತ್ತು ಜೋ ವಾಲ್ಶ್ ಒಬ್ಬೊಬ್ಬರು ಒಂದೊಂದೇ ಸ್ವರ ಹಿಡಿದು, ಎರಡು ಗಿಟಾರನ್ನು ಜೋಡಿಯಾಗಿ ಇಳಿಸುತ್ತ ಹೋಗುತ್ತಾರೆ.