ಬೇರಿನ ಗಂಟಿಗೂ ಸೂಪರ್ ಗೊಬ್ಬರಕ್ಕೂ ಏನು ನಂಟು?

ಬನವಾಸಿ ಕಡೆಯ ನಮ್ಮ ಮಕ್ಕಿ ಗದ್ದೆಗೆ ಮೊದಲ ಸಲ ಸೋಯಾ ಹಾಕಿದ ವರ್ಷ, ಹೂ ಬಿಡುವ ಹೊತ್ತಿಗೆ ನಾಲ್ಕಾರು ಗಿಡ ಕಿತ್ತು ನೋಡಿದೆ. ಬೇರಿನಲ್ಲಿ ಗಂಟು ಇದ್ದದ್ದೇ ಕಡಿಮೆ. ಒಡೆದರೆ ಒಳಗೆ ಬಿಳಿಚಿಕೊಂಡಿತ್ತು. ಕೆಲಸ ಮಾಡುವ ಗಂಟಿನ ಒಳಗೆ ಗುಲಾಬಿ ಬಣ್ಣ ಇರಬೇಕು. ಬೀಜಕ್ಕೆ ರೈಜೋಬಿಯಂ, ಅಂದರೆ ಬೇರಿನಲ್ಲಿ ಗಂಟು ಕಟ್ಟಿಸುವ ಜೀವಾಣು, ಹಚ್ಚಿದ್ದೆವು, ಅಲ್ವಾ? ಪ್ಯಾಕೆಟ್ ಅಂಗಡಿಯ ಮುಂದೆ ಬಿಸಿಲಲ್ಲಿ ಬಿದ್ದಿತ್ತು, ಅದೂ ಒಂದು ಕಾರಣ ಇರಬಹುದು. ಆದರೆ ಜೀವಾಣು ಹಚ್ಚಿದ ಮೇಲೆ ಗೊಬ್ಬರ ಯಾಕೆ ಅಂತ ನಾವು ರಂಜಕ ಹಾಕಿರಲೇ ಇಲ್ಲ.

ರಂಜಕದ ಕಥೆ ಹಳೆಯದು. 1842ರಲ್ಲಿ ಇಂಗ್ಲೆಂಡಿನ ಜಾನ್ ಬೆನೆಟ್ ಲಾಸ್ ಸೂಪರ್ ಫಾಸ್ಫೇಟಿಗೆ, ಅಂದರೆ ನಾವು ಸೂಪರ್ ಅನ್ನುವ ರಂಜಕದ ಗೊಬ್ಬರಕ್ಕೆ, ಪೇಟೆಂಟ್ ಪಡೆದರು. ಆಗಿನ್ನೂ ಬೇರಿನ ಗಂಟಿನ ಕೆಲಸ ಏನು ಅಂತ ಗೊತ್ತಿರಲಿಲ್ಲ. ಬೇಳೆಕಾಳಿನ ಗಿಡ ಈ ಗಂಟಿನಿಂದಲೇ ಗಾಳಿಯ ಸಾರಜನಕ ಹಿಡಿಯುತ್ತದೆ ಅಂತ ಜರ್ಮನಿಯ ಹೆಲ್‌ರೀಗಲ್ ಹೇಳಿದ್ದು 1886ರಲ್ಲಿ. ಎರಡು ವರ್ಷಕ್ಕೆ ಹಾಲೆಂಡಿನ ಬೈಯರಿಂಕ್ ಗಂಟಿನೊಳಗಿನ ಜೀವಾಣುವನ್ನು ಬೇರೆ ಮಾಡಿ ಬೆಳೆಸಿದರು. ಹತ್ತು ವರ್ಷದೊಳಗೇ ಅದು ನೈಟ್ರಾಜಿನ್ ಹೆಸರಲ್ಲಿ ಮಾರಾಟಕ್ಕೂ ಬಂತು.

ಸೋಯಾ ಮೂಲತಃ ಚೀನಾ ಕಡೆಯ ಬೆಳೆ. ಅದರ ಜೀವಾಣುವೂ ಬೇರೆ. ಅಂಕೋಲಾದ ಶೇಂಗಾ, ಕರಾವಳಿಯ ಅಲಸಂದೆಗೆ ಮಣ್ಣಿನಲ್ಲೇ ಜೊತೆಗಾರರು ಇರುತ್ತಾರೆ, ಸೋಯಾಕ್ಕೆ ಅವರು ಅಷ್ಟಾಗಿ ಹೊಂದುವುದಿಲ್ಲ. 1960ರ ದಶಕದಲ್ಲಿ ಅಮೆರಿಕದ ತಳಿಗಳನ್ನು ಪಂತನಗರ, ಜಬಲ್ಪುರಗಳಲ್ಲಿ ಬೆಳೆಸತೊಡಗಿದಾಗಿನಿಂದಲೂ, ಹೊಸ ಹೊಲವಾದರೆ ಬೀಜಕ್ಕೆ ಜೀವಾಣು ಹಚ್ಚಿಯೇ ಬಿತ್ತಬೇಕು ಅನ್ನುವ ಸಲಹೆ ಬಂದದ್ದು ಇದಕ್ಕೇ.

ಇನ್ನು ರಂಜಕ ಯಾಕೆ? ಸಾರಜನಕದ ಒಂದು ಅಣು ಒಡೆಯಲು ಜೀವಾಣುವಿಗೆ ಕನಿಷ್ಠ 16 ಎಟಿಪಿ ಬೇಕು. ಎಟಿಪಿ ಅಂದರೆ ಜೀವಕೋಶದ ಇಂಧನ, ಅದರಲ್ಲೇ ಮೂರು ರಂಜಕದ ಕೊಂಡಿಗಳಿವೆ. ರಂಜಕ ಇಲ್ಲದಿದ್ದರೆ ಬೇರೂ ಹರಡುವುದಿಲ್ಲ, ಗಂಟೂ ಕಟ್ಟುವುದಿಲ್ಲ. ನಮ್ಮ ಕಡೆಯ ತೊಂದರೆ ಇನ್ನೂ ಜಾಸ್ತಿ. ಮಳೆಗೆ ಸುಣ್ಣದಂಶ ತೊಳೆದುಹೋಗಿ ಹುಳಿಯಾದ ಜಂಬಿಟ್ಟಿಗೆ ಮಣ್ಣಿನಲ್ಲಿ ಕಬ್ಬಿಣ, ಅಲ್ಯೂಮಿನಿಯಂ ಸೇರಿ ಇರುವ ರಂಜಕವನ್ನೂ ಗಟ್ಟಿಯಾಗಿ ಹಿಡಿದಿಟ್ಟುಕೊಳ್ಳುತ್ತವೆ, ಗಿಡಕ್ಕೆ ಬಿಡುವುದಿಲ್ಲ. ಹಾಗಾಗಿ ಸೂಪರ್ ಗೊಬ್ಬರವನ್ನು ಗದ್ದೆ ತುಂಬ ಸುಮ್ನೆ ಎರಚುವುದಕ್ಕಿಂತ, ಬಿತ್ತುವಾಗಲೇ ಸಾಲಿನಲ್ಲಿ, ಬೀಜದಿಂದ ಸ್ವಲ್ಪ ಪಕ್ಕಕ್ಕೆ, ಸ್ವಲ್ಪ ಆಳಕ್ಕೆ ಬೀಳಿಸುವುದು ಒಳ್ಳೆಯದು. ಅದರಲ್ಲಿ 16 ಶೇಕಡಾ ರಂಜಕದ ಜೊತೆ ಗಂಧಕವೂ ಇದೆ, ಎಣ್ಣೆಕಾಳಿಗೆ ಅದೂ ಬೇಕು.

ರಂಜಕ ಕರಗಿಸುವ ಜೀವಾಣುವಿನ ಪ್ಯಾಕೆಟ್ಟೂ ಸಿಗುತ್ತದೆ. ಹಚ್ಚಿ, ಬೇಡ ಅನ್ನುವುದಿಲ್ಲ. ಆದರೆ ಅದನ್ನೇ ನಂಬಿ ಸೂಪರ್ ಬಿಡಬೇಡಿ. ಸುಣ್ಣದ ಜೊತೆ ಕೂಡಿದ ರಂಜಕವನ್ನು ಅದು ಚೆನ್ನಾಗಿ ಕರಗಿಸುತ್ತದೆ, ಕಬ್ಬಿಣ ಹಿಡಿದಿಟ್ಟದ್ದನ್ನು ಬಿಡಿಸುವುದು ಕಷ್ಟ. ಯೂರಿಯಾ ಜಾಸ್ತಿ ಹಾಕಿದರೂ ಗಂಟು ಕಡಿಮೆಯಾಗುತ್ತದೆ, ಗಿಡಕ್ಕೆ ಸಾರಜನಕ ಸುಲಭವಾಗಿ ಸಿಕ್ಕಿದರೆ ಜೀವಾಣುವನ್ನು ಯಾಕೆ ಸಾಕುತ್ತದೆ?

ಪ್ಯಾಕೆಟ್ ತರುವಾಗ ತಾರೀಕು ನೋಡಿ. ಬೆಲ್ಲದ ನೀರಲ್ಲಿ ಕಲಸಿ ಬೀಜಕ್ಕೆ ಹಚ್ಚಿ, ನೆರಳಲ್ಲಿ ಆರಿಸಿ, ಅವತ್ತೇ ಬಿತ್ತಿ. ಹಚ್ಚಿದ ಬೀಜವನ್ನು ಸೂಪರ್ ಜೊತೆ ಒಂದೇ ಬುಟ್ಟಿಯಲ್ಲಿ ಬೆರೆಸಬೇಡಿ, ಗೊಬ್ಬರದ ಹುಳಿಗೆ ಜೀವಾಣು ಸಾಯುತ್ತದೆ.