ದಪ್ಪವೇ ಇಲ್ಲದ ತಾಮ್ರ: ಆಂಟೆನಾ ಮಾಡೆಲ್‌ನಲ್ಲಿ ಬರೀ ಹಾಳೆ ಇಟ್ಟರೆ ಸಾಕಾ?

ಪ್ರಶ್ನೆ: ಫೈನಲ್ ಇಯರ್ ಪ್ರಾಜೆಕ್ಟ್‌ಗೆ 2.4 ಗಿಗಾಹರ್ಟ್ಸ್ ಪ್ಯಾಚ್ ಆಂಟೆನಾ (ಬೋರ್ಡ್ ಮೇಲಿನ ಚಪ್ಪಟೆ ತಾಮ್ರದ ಆಯತವೇ ಆಂಟೆನಾ ಆಗುವಂಥದ್ದು) ಮಾಡುತ್ತಿದ್ದೇನೆ. ಎಚ್‌ಎಫ್‌ಎಸ್‌ಎಸ್ ಅನ್ನುವ ಸಿಮ್ಯುಲೇಷನ್ ಸಾಫ್ಟ್‌ವೇರ್‌ನಲ್ಲಿ ಬೋರ್ಡನ್ನು ದಪ್ಪ ಕೊಟ್ಟು ಬಿಡಿಸಿದ್ದೇನೆ. ತಾಮ್ರಕ್ಕೆ ಮಾತ್ರ ಬರೀ ಒಂದು ಆಯತ ಸಾಕು ಅಂತ ಸೀನಿಯರ್ ಹೇಳಿದರು. ತಾಮ್ರಕ್ಕೂ ದಪ್ಪ ಇದೆ ಅಲ್ವಾ? 3ಡಿ ಮಾಡೆಲ್ ಒಳಗೆ 2ಡಿ ಆಕಾರ ಇಟ್ಟರೆ ಉತ್ತರ ತಪ್ಪಾಗುವುದಿಲ್ಲವಾ?

ಉತ್ತರ: ನಿಮ್ಮ ಸೀನಿಯರ್ ಹೇಳಿದ್ದು ಸರಿ. ಆದರೆ ನಿಮಗೆ ಬಂದ ಅನುಮಾನವೂ ಸರಿಯಾದದ್ದೇ. ದಪ್ಪವಿಲ್ಲದ ಈ ಆಯತ, ಅಂದರೆ ಹಾಳೆ, ಯಾಕೆ ನಡೆಯುತ್ತದೆ ಅಂತ ತಿಳಿದರೆ, ಎಲ್ಲಿ ನಡೆಯುವುದಿಲ್ಲ ಅನ್ನುವುದೂ ತಿಳಿಯುತ್ತದೆ.

ಮೊದಲು ಅಳತೆ ನೋಡೋಣ. ಬೆಂಗಳೂರಿನ ಎಸ್‌ಪಿ ರೋಡ್‌ನಲ್ಲಿ ಸಿಗುವ ಸಾಮಾನ್ಯ ಎಫ್‌ಆರ್4 (ಗ್ಲಾಸ್ ಫೈಬರ್, ಎಪಾಕ್ಸಿಯಿಂದ ಮಾಡಿದ) ಸರ್ಕ್ಯೂಟ್ ಬೋರ್ಡ್ 1.6 ಮಿ.ಮೀ. ದಪ್ಪ. ಅದರ ಮೇಲಿನ ತಾಮ್ರ ಸಾಮಾನ್ಯವಾಗಿ 35 ಮೈಕ್ರಾನ್. ನಿಮ್ಮ ಪ್ಯಾಚ್ ಸುಮಾರು 38 ಮಿ.ಮೀ. ಅಗಲ, 29 ಮಿ.ಮೀ. ಉದ್ದ ಇರಬಹುದು. ಅಂದರೆ ದಪ್ಪಕ್ಕಿಂತ ಅಗಲ ಸಾವಿರ ಪಟ್ಟು ಜಾಸ್ತಿ.

ತೆಳ್ಳಗಿದೆ ಅನ್ನುವುದೊಂದೇ ಕಾರಣ ಅಲ್ಲ. ಹೆಚ್ಚಿನ ಫ್ರೀಕ್ವೆನ್ಸಿಯಲ್ಲಿ ಕರೆಂಟ್ ಲೋಹದ ಒಳಗೆಲ್ಲ ಹರಿಯುವುದಿಲ್ಲ, ಮೇಲ್ಮೈಗೆ ಅಂಟಿಕೊಂಡೇ ಓಡುತ್ತದೆ. ಇದಕ್ಕೆ ಸ್ಕಿನ್ ಎಫೆಕ್ಟ್ ಅನ್ನುತ್ತಾರೆ. 2.4 ಗಿಗಾಹರ್ಟ್ಸ್‌ನಲ್ಲಿ ತಾಮ್ರದ ಸ್ಕಿನ್ ಡೆಪ್ತ್, ಅಂದರೆ ಕರೆಂಟ್ ಒಳಗಿಳಿಯುವ ಆಳ, ಸುಮಾರು 1.3 ಮೈಕ್ರಾನ್. ನಿಮ್ಮ ತಾಮ್ರ ಅದರ 26 ಪಟ್ಟು ದಪ್ಪ. ಆ 35 ಮೈಕ್ರಾನ್‌ನ ಹೊಟ್ಟೆಯೊಳಗೆ ಏನೂ ನಡೆಯುತ್ತಿಲ್ಲ. ಎಲ್ಲಾ ಕೆಲಸ ಮೇಲ್ಮೈಯಲ್ಲೇ. ಹಾಗಾಗಿ ಇಲ್ಲಿ ಹಾಳೆ ಇಡುವುದು ಅಡ್ಡದಾರಿ ಅಲ್ಲ, ಕರೆಂಟ್ ಇರುವ ಜಾಗವನ್ನೇ ನೀವು ಬಿಡಿಸುತ್ತಿದ್ದೀರಿ.

ದಪ್ಪ ಕೊಟ್ಟರೆ ಏನಾಗುತ್ತದೆ? ಸಾಫ್ಟ್‌ವೇರ್ ಇಡೀ ಮಾಡೆಲ್ಲನ್ನು ನಾಲ್ಕು ಮುಖದ ಸಣ್ಣ ಸಣ್ಣ ತುಂಡುಗಳಾಗಿ ಒಡೆದು ಲೆಕ್ಕ ಹಾಕುತ್ತದೆ. ತಾಮ್ರದಂಥ ಲೋಹದ ಒಳಗೆ ಅದು ತಾನಾಗಿಯೇ ಲೆಕ್ಕ ಹಾಕುವುದಿಲ್ಲ, 'ಸಾಲ್ವ್ ಇನ್‌ಸೈಡ್' ಮೊದಲೇ ಆಫ್ ಆಗಿರುತ್ತದೆ. ಆದರೆ ಪ್ಯಾಚ್‌ನ ಸುತ್ತ 35 ಮೈಕ್ರಾನ್ ಎತ್ತರದ ಒಂದು ಪುಟ್ಟ ಗೋಡೆ ಎದ್ದು ನಿಲ್ಲುತ್ತದಲ್ಲ, ಅದಕ್ಕೆ ಮೆಶ್ (ಈ ತುಂಡುಗಳ ಜಾಲ) ಹೊಂದಿಸಲು ಸಣ್ಣ, ಸಪೂರ ತುಂಡುಗಳು ಬೇಕಾಗುತ್ತವೆ. ಮೆಮೊರಿ ಏರುತ್ತದೆ, ಸಮಯ ಏರುತ್ತದೆ. ನಿಮ್ಮ ಪ್ಯಾಚ್‌ಗೆ ಅದರಿಂದ ಸಿಗುವ ಲಾಭ ತೀರಾ ಕಡಿಮೆ.

ಈಗ ಮುಖ್ಯವಾದ ಮಾತು. ಹಾಳೆ ಬಿಡಿಸಿದ ಮಾತ್ರಕ್ಕೆ ಅದು ತಾಮ್ರ ಆಗುವುದಿಲ್ಲ! ಒಬ್ಬ ವಿದ್ಯಾರ್ಥಿನಿ ನನಗೆ ಕಳಿಸಿದ ಫೈಲ್‌ನಲ್ಲಿ ಎಸ್11 ಗ್ರಾಫ್ (ಕಳಿಸಿದ ಸಿಗ್ನಲ್ ಎಷ್ಟು ವಾಪಸ್ ಬರುತ್ತದೆ ಅನ್ನುವುದು; ಆಂಟೆನಾ ಕೆಲಸ ಮಾಡುವ ಕಡೆ ಇಳಿಯಬೇಕು) ಎಲ್ಲೂ ಇಳಿಯದೆ ಸೊನ್ನೆ ಡಿಬಿ ಹತ್ತಿರವೇ ಸಪಾಟಾಗಿ ಮಲಗಿತ್ತು. ಅಳತೆ ಸರಿ, ಆಂಟೆನಾ ಸುತ್ತಲಿನ ಗಾಳಿಯ ಡಬ್ಬಿ (ಏರ್ ಬಾಕ್ಸ್) ಸರಿ, ಸಿಗ್ನಲ್ ಕೊಡುವ ಪೋರ್ಟ್ ಸರಿ. ಎರಡು ದಿನ ಪ್ಯಾಚ್‌ನ ಉದ್ದವನ್ನು ಹೆಚ್ಚು ಕಡಿಮೆ ಮಾಡುತ್ತಾ ಕೂತಿದ್ದಳಂತೆ, ಪಾಪ. ಬೌಂಡರಿ (ಮೇಲ್ಮೈ ಹೇಗೆ ವರ್ತಿಸಬೇಕು ಅನ್ನುವ ನಿಯಮ) ಪಟ್ಟಿ ತೆಗೆದು ನೋಡಿದರೆ ಬೋರ್ಡ್‌ನ ಕೆಳಗಿನ ತಾಮ್ರಕ್ಕೆ, ಅಂದರೆ ಗ್ರೌಂಡ್‌ಗೆ, 'ಪರ್ಫೆಕ್ಟ್ ಇ' (ನಷ್ಟವೇ ಇಲ್ಲದ ಆದರ್ಶ ಲೋಹ) ಕೊಟ್ಟಿದ್ದಳು, ಪ್ಯಾಚ್‌ಗೆ ಕೊಟ್ಟಿರಲಿಲ್ಲ. ತೆರೆಯ ಮೇಲೆ ಕಿತ್ತಳೆ ಬಣ್ಣದ ಆಯತ ಚೆನ್ನಾಗಿಯೇ ಕಾಣುತ್ತಿತ್ತು. ಸಾಫ್ಟ್‌ವೇರ್‌ನ ಲೆಕ್ಕದಲ್ಲಿ ಮಾತ್ರ ಅಲ್ಲಿ ಲೋಹವೇ ಇರಲಿಲ್ಲ. ಗಟ್ಟಿ ವಸ್ತುವಿಗೆ ಮೆಟೀರಿಯಲ್ ಕೊಡುತ್ತೇವೆ, ಹಾಳೆಗೆ ಬೌಂಡರಿ ಕೊಡಬೇಕು. ಬಣ್ಣ ನೋಡಿ ನಂಬಬೇಡಿ.

ಯಾವ ಬೌಂಡರಿ? ಶುರುವಿಗೆ ಪರ್ಫೆಕ್ಟ್ ಇ ಸಾಕು. ಅದರಲ್ಲಿ ತಾಮ್ರದ ನಷ್ಟ ಲೆಕ್ಕಕ್ಕೆ ಬರುವುದಿಲ್ಲ. ಗೇನ್, ಎಫಿಶಿಯೆನ್ಸಿ ವರದಿ ಮಾಡುವಾಗ 'ಫೈನೈಟ್ ಕಂಡಕ್ಟಿವಿಟಿ'ಗೆ ಬದಲಿಸಿ, ತಾಮ್ರಕ್ಕೆ ಮೀಟರ್‌ಗೆ 5.8 ಕೋಟಿ ಸೀಮೆನ್ಸ್ ಕೊಡಿ.

ಇದೇ ಮಾಡೆಲ್‌ನಲ್ಲಿ ಇನ್ನೊಂದು ಹಾಳೆಯೂ ಇದೆ, ಗಮನಿಸಿದಿರಾ? ಲಂಪ್ಡ್ ಪೋರ್ಟ್. ಬೋರ್ಡ್‌ನ ಅಂಚಿನಲ್ಲಿ, ಗ್ರೌಂಡ್‌ನಿಂದ ಫೀಡ್ ಲೈನ್‌ವರೆಗೆ (ಪ್ಯಾಚ್‌ಗೆ ಸಿಗ್ನಲ್ ಒಯ್ಯುವ ತಾಮ್ರದ ಪಟ್ಟಿ) ನೆಟ್ಟಗೆ ನಿಲ್ಲಿಸಿದ ಪುಟ್ಟ ಆಯತ, ಸುಮಾರು 3 ಮಿ.ಮೀ. ಅಗಲ, 1.6 ಮಿ.ಮೀ. ಎತ್ತರ. ಅದೂ ಆಯತವೇ, ಆದರೆ ಲೋಹ ಅಲ್ಲ, ಸಿಗ್ನಲ್ ಒಳಗೆ ಬರುವ ಬಾಗಿಲು. ಅದರ ಮೇಲಂಚು ಲೈನನ್ನೂ ಕೆಳಂಚು ಗ್ರೌಂಡನ್ನೂ ಮುಟ್ಟಿರಲೇಬೇಕು.

ಮುಟ್ಟುವ ವಿಷಯ ಬಂದಿದ್ದಕ್ಕೆ ಹೇಳುತ್ತೇನೆ. ಪ್ಯಾಚ್ ಹಾಳೆಯನ್ನು ಬೋರ್ಡ್‌ನ ಮೇಲ್ಮೈ ಮೇಲೆ ಕರಾರುವಾಕ್ಕಾಗಿ ಇಡಿ. ಎತ್ತರ 1.6 ಇರಬೇಕಾದ ಕಡೆ 1.61 ಅಂತ ಟೈಪ್ ಮಾಡಿದಿರಿ ಅನ್ನಿ. ಕಣ್ಣಿಗೆ ಏನೂ ಕಾಣುವುದಿಲ್ಲ. ಆದರೆ ನಡುವೆ 10 ಮೈಕ್ರಾನ್ ಗಾಳಿ ಸೇರಿಕೊಂಡಿದೆ, ಫ್ರೀಕ್ವೆನ್ಸಿ ಸುಮಾರು 20 ಮೆಗಾಹರ್ಟ್ಸ್ ಮೇಲಕ್ಕೆ ಸರಿಯುತ್ತದೆ. ಸಂಖ್ಯೆ ಟೈಪ್ ಮಾಡುವ ಬದಲು ಬೋರ್ಡ್ ದಪ್ಪಕ್ಕೆ ಒಂದು ವೇರಿಯೆಬಲ್ ಇಟ್ಟು, ಎಲ್ಲಾ ಕಡೆ ಅದನ್ನೇ ಬಳಸಿ.

ಹಾಗಾದರೆ ದಪ್ಪ ಯಾವಾಗ ಬೇಕು? ಎರಡು ತಾಮ್ರದ ಪಟ್ಟಿಗಳ ನಡುವಿನ ಸಂದು ತೀರಾ ಕಿರಿದಾದಾಗ. ಪಟ್ಟಿಗಳನ್ನು ಅಕ್ಕಪಕ್ಕ ಇಟ್ಟು ಮಾಡುವ ಕಪಲ್ಡ್ ಲೈನ್ ಫಿಲ್ಟರ್‌ನಲ್ಲಿ 0.15 ಮಿ.ಮೀ. ಸಂದು ಇದೆ ಅನ್ನಿ. ಆಗ 35 ಮೈಕ್ರಾನ್‌ನ ಗೋಡೆಗಳು ಎದುರುಬದುರು ನಿಂತು ತಮ್ಮ ನಡುವೆ ಕೆಪ್ಯಾಸಿಟೆನ್ಸ್ ಸೇರಿಸುತ್ತವೆ. ಹಾಳೆಗೆ ಗೋಡೆ ಇಲ್ಲ, ಹಾಗಾಗಿ ಅದು ಲೆಕ್ಕದಿಂದ ತಪ್ಪಿಹೋಗುತ್ತದೆ. ಇಲ್ಲಿ ತಾಮ್ರಕ್ಕೆ ದಪ್ಪ ಕೊಡಿ, ಕಂಪ್ಯೂಟರ್ ಎಷ್ಟು ಹೊತ್ತು ತೆಗೆದುಕೊಂಡರೂ ಸರಿ.

ಕಡಿಮೆ ಫ್ರೀಕ್ವೆನ್ಸಿಯಲ್ಲೂ ಎಚ್ಚರ ಬೇಕು. ವೈರ್‌ಲೆಸ್ ಚಾರ್ಜಿಂಗ್ ಕಾಯಿಲ್ ಕೆಲಸ ಮಾಡುವ 100 ಕಿಲೋಹರ್ಟ್ಸ್ ಆಸುಪಾಸಿನಲ್ಲಿ ಸ್ಕಿನ್ ಡೆಪ್ತ್ 200 ಮೈಕ್ರಾನ್ ದಾಟುತ್ತದೆ. 35 ಮೈಕ್ರಾನ್ ತಾಮ್ರದಲ್ಲಿ ಕರೆಂಟ್ ಮೇಲಿಂದ ಕೆಳಗಿನವರೆಗೆ ತುಂಬಿ ಹರಿಯುತ್ತದೆ, ದಪ್ಪವೇ ರೆಸಿಸ್ಟೆನ್ಸನ್ನು ತೀರ್ಮಾನಿಸುತ್ತದೆ. ಹಾಳೆಯನ್ನೇ ಉಳಿಸಿಕೊಳ್ಳಬೇಕಾದರೆ ಬೌಂಡರಿಯ ಸೆಟ್ಟಿಂಗ್‌ನಲ್ಲಿ ಆ ದಪ್ಪವನ್ನು ಬರೆದು ತಿಳಿಸಬೇಕು.

ನಿಮ್ಮ ಪ್ಯಾಚ್‌ಗೆ ಮಾತ್ರ ತಾಮ್ರದ ದಪ್ಪಕ್ಕಿಂತ ಎಫ್‌ಆರ್4 ಬಗ್ಗೆ ಜಾಸ್ತಿ ಯೋಚಿಸಿ ಅನ್ನುತ್ತೇನೆ. ಅದರ ಡೈಎಲೆಕ್ಟ್ರಿಕ್ ಕಾನ್‌ಸ್ಟೆಂಟ್ (ಇದು ಹೆಚ್ಚಿದಷ್ಟೂ ಆಂಟೆನಾದ ಫ್ರೀಕ್ವೆನ್ಸಿ ಇಳಿಯುತ್ತದೆ) 4.4 ಅಂತ ಹಾಕಿದ್ದೀರಿ ಅನ್ನಿ, ಕೈಗೆ ಬಂದ ಬೋರ್ಡ್‌ನದ್ದು 4.6 ಇದ್ದರೆ ಆಂಟೆನಾ 50 ಮೆಗಾಹರ್ಟ್ಸ್‌ನಷ್ಟು ಕೆಳಗೆ ಇಳಿಯುತ್ತದೆ. ನಿಮಗೆ ಬೇಕಾದ ಬ್ಯಾಂಡ್ ಇರುವುದೇ 2400ರಿಂದ 2483.5 ಮೆಗಾಹರ್ಟ್ಸ್‌ವರೆಗೆ. ಬೋರ್ಡ್ ಎಚಿಂಗ್ ಮಾಡಿಸುವ (ಬೇಡದ ತಾಮ್ರ ಕರಗಿಸಿ ತೆಗೆಸುವ) ಮೊದಲು 4.2, 4.4, 4.6 ಮೂರಕ್ಕೂ ರನ್ ಮಾಡಿ ನೋಡಿ. ಹಾಳೆ ಇಟ್ಟಿದ್ದರಿಂದ ಉಳಿದ ಸಮಯ ಅದಕ್ಕೆ ಸಾಕು.