ಟ್ರಿಪಲ್‌ಗೆ ಓಟವೊಂದೇ ಸಾಲದು, ಮೈದಾನವೂ ಬೇಕು

ಪ್ರಶ್ನೆ: ಬೇಸ್‌ಬಾಲ್ ಸೀಸನ್‌ನಲ್ಲಿ ಅತಿ ಹೆಚ್ಚು ಟ್ರಿಪಲ್ ಹೊಡೆದವನು ಲೀಗಿನ ಅತಿ ವೇಗದ ಓಟಗಾರ ತಾನೇ?

ಅಲ್ಲ. ಟ್ರಿಪಲ್ ಎಂದರೆ ಬ್ಯಾಟರ್ ತನ್ನ ಒಂದೇ ಹೊಡೆತಕ್ಕೆ ಓಡಿ ಮೂರನೇ ಬೇಸ್ (ಓಟದ ಮೂರನೇ ತಾಣ) ಮುಟ್ಟುವುದು; ಎರಡನೆಯದರಲ್ಲೇ ನಿಂತರೆ ಅದು ಡಬಲ್. ಇದಕ್ಕೆ ಎಷ್ಟು ಸಲ ಉತ್ತರ ಬರೆದಿದ್ದೇನೋ ನನಗೇ ಲೆಕ್ಕ ಸಿಗುತ್ತಿಲ್ಲ. ಈ ಸಲ ಅಂಕಿಗಳನ್ನೇ ಮುಂದಿಡುತ್ತೇನೆ, ನೀವೇ ನೋಡಿ.

ರಿಕಿ ಹೆಂಡರ್ಸನ್ ವೃತ್ತಿಜೀವನದಲ್ಲಿ 1,406 ಬೇಸ್ ಕದ್ದವರು, ಅಂದರೆ ಹೊಡೆತಕ್ಕೆ ಕಾಯದೆ ಮುಂದಿನ ಬೇಸ್‌ಗೆ ಓಡಿ ಸೇರಿದವರು. 1982ರಲ್ಲಿ ಒಂದೇ ಸೀಸನ್‌ನಲ್ಲಿ 130 ಕದ್ದರು. ಆ ವರ್ಷ ಹೊಡೆದ ಟ್ರಿಪಲ್ ಬರೀ 4. ಇಡೀ ವೃತ್ತಿಜೀವನ ಸೇರಿಸಿದರೂ 66. ಟ್ರಿಪಲ್‌ನಲ್ಲಿ ಒಂದು ವರ್ಷವೂ ಲೀಗಿನಲ್ಲಿ ಮೊದಲಿಗರಾಗಲಿಲ್ಲ. ಇನ್ನೊಂದು ಕಡೆ ಬಾಸ್ಟನ್ ರೆಡ್ ಸಾಕ್ಸ್‌ನ ಜಿಮ್ ರೈಸ್, ಭಾರೀ ಹೊಡೆತದ ಆಟಗಾರ. 1978ರಲ್ಲಿ 46 ಹೋಮ್ ರನ್ (ಸಾಮಾನ್ಯವಾಗಿ ಚೆಂಡು ಗೋಡೆ ದಾಟುವ ಹೊಡೆತ) ಹೊಡೆದು ಅಮೆರಿಕನ್ ಲೀಗಿನಲ್ಲಿ ಮೊದಲಿಗರಾದರು. ಅದೇ ವರ್ಷ 15 ಟ್ರಿಪಲ್ ಹೊಡೆದು ಅದರಲ್ಲೂ ಮೊದಲಿಗರಾದರು. ಕದ್ದ ಬೇಸ್ ಎಷ್ಟು ಗೊತ್ತೇ? ಏಳು!

ಬೇಸ್ ಕದಿಯುವುದು 90 ಅಡಿಯ ಓಟ, ಚೆಂಡೆಸೆಯುವ ಪಿಚರ್‌ನ ಕಣ್ಣು ತಪ್ಪಿಸಿ ಓಡುವುದು. ಟ್ರಿಪಲ್ 270 ಅಡಿಯ ಓಟ. ಅಷ್ಟು ಓಡುವ ತನಕ ಚೆಂಡು ದೂರದಲ್ಲೇ ಇರಬೇಕು, ಹಾಗೆ ಇರಲು ಮೈದಾನದಲ್ಲಿ ಜಾಗ ಬೇಕು. ನಮ್ಮ ಚಿನ್ನಸ್ವಾಮಿಗಿಂತ ಮೆಲ್ಬರ್ನ್‌ನಲ್ಲಿ ಮೂರು ರನ್ ಓಡುವುದು ಹೆಚ್ಚು, ಯಾಕೆ ಎಂದು ಕ್ರಿಕೆಟ್ ನೋಡುವವರಿಗೆ ಬಿಡಿಸಿ ಹೇಳಬೇಕಿಲ್ಲ.

1912ರಲ್ಲಿ ಪಿಟ್ಸ್‌ಬರ್ಗ್ ಪೈರೇಟ್ಸ್‌ನ ಚೀಫ್ ವಿಲ್ಸನ್ 36 ಟ್ರಿಪಲ್ ಹೊಡೆದರು. ಆ ದಾಖಲೆ ಇವತ್ತಿಗೂ ಹಾಗೇ ನಿಂತಿದೆ. ಅವರ ತವರು ಮೈದಾನ ಫೋರ್ಬ್ಸ್ ಫೀಲ್ಡ್‌ನಲ್ಲಿ ಗೋಡೆಯ ಅತಿ ದೂರದ ಭಾಗ ಸುಮಾರು 460 ಅಡಿ. ಈಗಿನ ಮೈದಾನಗಳಲ್ಲಿ ಗೋಡೆ ದಾಟಿ ಹೋಗುವಂಥ ಹೊಡೆತವೂ ಅಲ್ಲಿ ಫೀಲ್ಡರ್‌ನ ತಲೆ ಮೇಲಿಂದ ಹಾರಿ ಹುಲ್ಲಿನ ಮೇಲೆ ಉರುಳುತ್ತಲೇ ಇರುತ್ತಿತ್ತು. ಅದೇ ವಿಲ್ಸನ್ ಬೇರೆ ಯಾವ ವರ್ಷವೂ 14 ದಾಟಲಿಲ್ಲ. ಬರೀ ಕಾಲಿನ ವೇಗದಿಂದ ಬಂದ ದಾಖಲೆಯಾಗಿದ್ದರೆ, ಆ ಕಾಲು ಮರುವರ್ಷಕ್ಕೇ ಸೋತುಹೋಯಿತೇ?

ಎಡಗೈ ಬ್ಯಾಟರ್ ಎಂಬುದೂ ಲೆಕ್ಕಕ್ಕೆ ಬರುತ್ತದೆ. ಅವನು ಬಲವಾಗಿ ಎಳೆದು ಹೊಡೆದ ಚೆಂಡು ಮೈದಾನದ ಬಲ ಮೂಲೆಗೆ (ರೈಟ್ ಫೀಲ್ಡ್) ಹೋಗುತ್ತದೆ, ಮೂರನೇ ಬೇಸ್‌ಗೆ ಅತಿ ದೂರದ ಎಸೆತ ಅಲ್ಲಿಂದಲೇ. ವಿಲ್ಸನ್ ಎಡಗೈ. 309 ಟ್ರಿಪಲ್‌ಗಳ ಜೀವಮಾನದ ದಾಖಲೆ ಇರುವ ಸ್ಯಾಮ್ ಕ್ರಾಫರ್ಡ್ ಎಡಗೈ. 2007ರಲ್ಲಿ ಡೆಟ್ರಾಯಿಟ್‌ನ ವಿಶಾಲ ಮೈದಾನವನ್ನು ತವರಾಗಿಸಿಕೊಂಡು 23 ಹೊಡೆದ ಕರ್ಟಿಸ್ ಗ್ರಾಂಡರ್ಸನ್ ಕೂಡ ಎಡಗೈ. ವೇಗ ಬೇಡ ಎಂದು ನಾನು ಹೇಳುತ್ತಿಲ್ಲ, ಗ್ರಾಂಡರ್ಸನ್ ಚೆನ್ನಾಗಿಯೇ ಓಡುತ್ತಿದ್ದರು. ಆದರೆ ವೇಗ ಮೂರ್ನಾಲ್ಕು ಕಾರಣಗಳಲ್ಲಿ ಒಂದು ಮಾತ್ರ.

ಯಾರೂ ಕೇಳದಿದ್ದರೂ ಇದನ್ನೂ ಹೇಳಿಬಿಡುತ್ತೇನೆ, ಪಟ್ಟಿ ಓದುವಾಗ ಬೇಕಾಗುತ್ತದೆ. ಮೂರನೇ ಬೇಸ್ ಮುಟ್ಟಿದ್ದೆಲ್ಲ ಟ್ರಿಪಲ್ ಅಲ್ಲ. ಎರಡನೇ ಬೇಸ್‌ನಲ್ಲಿ ನಿಲ್ಲಬೇಕಾದವನು ಫೀಲ್ಡರ್ ಚೆಂಡನ್ನು ಅಡ್ಡಾದಿಡ್ಡಿ ಎಸೆದದ್ದರಿಂದ ಮುಂದೆ ಓಡಿದರೆ, ಸ್ಕೋರರ್ ಬರೆಯುವುದು ಡಬಲ್, ಜೊತೆಗೆ ಫೀಲ್ಡರ್ ಹೆಸರಿಗೆ ಒಂದು ಎರರ್ (ತಪ್ಪು). ಮೂರನೇ ಬೇಸ್‌ಗೆ ಜಾರಿ ಬಿದ್ದು, ಕೈ ಇನ್ನೇನು ಬೇಸ್ ಮುಟ್ಟಬೇಕು ಅನ್ನುವಷ್ಟರಲ್ಲಿ ಟ್ಯಾಗ್ ಆಗಿ (ಚೆಂಡು ಹಿಡಿದ ಫೀಲ್ಡರ್ ಮುಟ್ಟಿ) ಔಟಾದರೂ ಸಿಗುವುದು ಡಬಲ್ ಮಾತ್ರ. ವಿಲ್ಸನ್‌ರ ಆ 36ರಲ್ಲಿ ಅಂಥ ಓಟ ಒಂದೂ ಸೇರಿಲ್ಲ.